ಜೋಳಕ್ಕೆ ಮೂರು ಮಾತ್ರೆ, ಶೇಂಗಾಕ್ಕೆ ನಾಲ್ಕು

ರೋಣ ತಾಲ್ಲೂಕಿನ ಸವಡಿಯಂಥ ಊರಿನಲ್ಲಿ ಬೆಳೆಯುವ ಮಗುವಿಗೆ ಲಯ ಹೊಸದಲ್ಲ. ಮೊಹರಂನ ಹೆಜ್ಜೆ ಕುಣಿತ, ಜಾತ್ರೆಯ ಡೊಳ್ಳು, ಶ್ರಾವಣದ ಭಜನೆ, ಹಲಗಿಯ ಪೆಟ್ಟು ಎಲ್ಲವೂ ಶಾಲೆಗೆ ಹೆಸರು ಹಚ್ಚುವ ಮೊದಲೇ ಅದರ ಕಿವಿಗೆ ಬಿದ್ದಿರುತ್ತವೆ. ಶಾಲೆಯಲ್ಲಿ ಮಾತ್ರ ಆ ಕಿವಿಗೆ ಕೆಲಸ ಕಡಿಮೆ. ವಾದ್ಯ ಒಳಗೆ ಬರುವುದು ಪ್ರತಿಭಾ ಕಾರಂಜಿಗೋ ಮೆರವಣಿಗೆಗೋ. ಅದು ಗಣಿತದ ಅವಧಿಗೆ, ಕನ್ನಡದ ಅವಧಿಗೆ ಬರಬೇಕೆಂಬ ಆಸೆಯಿಂದ ಈ ಮಾತು ಬರೆಯುತ್ತಿದ್ದೇವೆ.

ಬೆಂಚನ್ನೇ ಹಲಗಿ ಮಾಡಿಕೊಂಡು ಶುರು ಮಾಡಬಹುದು. ಲಘುವಿಗೆ ಒಂದು ಪೆಟ್ಟು. ಗುರುವಿಗೆ ಒಂದು ಪೆಟ್ಟು, ಅದರ ಬೆನ್ನಿಗೆ ಅಷ್ಟೇ ಹೊತ್ತಿನ ಬಿಡುವು. ಲಘುವಿನ ಹೊತ್ತು ಒಂದು ಮಾತ್ರೆ, ಗುರುವಿನದು ಎರಡು. ಈಗ ನಮ್ಮ ಎರಿ ಹೊಲದ ಬೆಳೆಗಳನ್ನು ಬಾರಿಸಿ ನೋಡಿ. ಕಡಲೆ ಮೂರು ಲಘು. ಹೆಸರೂ ಹಾಗೆಯೇ. ಜೋಳ ಒಂದು ಗುರು, ಒಂದು ಲಘು. ಹತ್ತಿಯಲ್ಲಿ ದೀರ್ಘವೇ ಇಲ್ಲ, ಆದರೂ ಒತ್ತಕ್ಷರದ ಹಿಂದಿನ ‘ಹ’ ಗುರುವಾಗುತ್ತದೆ. ಅದಕ್ಕೂ ಮೂರೇ ಮಾತ್ರೆ. ಶೇಂಗಾಕ್ಕೆ ನಾಲ್ಕು. ಬಳೆ ಬರೆಯುವಲ್ಲಿ ಬಾಳೆ ಬರೆಯುವ ಮಗುವಿಗೆ ಕೆಂಪು ಗೆರೆ ಕಲಿಸದ್ದನ್ನು ಈ ಬಿಡುವು ಕಲಿಸುತ್ತದೆ. ದೀರ್ಘ ತಪ್ಪಿದರೆ ಪೆಟ್ಟು ಮುಂದಕ್ಕೆ ಬಿದ್ದು, ಜೊತೆಗಾರರೆಲ್ಲ ತಲೆ ಎತ್ತಿ ನೋಡುತ್ತಾರೆ.

‘ಹೆಸರು ಶೇಂಗಾ ಕಡಲೆ ಶೇಂಗಾ’ ಎಂದು ಬಾರಿಸಿದರೆ ಮೂರು, ನಾಲ್ಕು, ಮೂರು, ನಾಲ್ಕು. ಒಟ್ಟು 14. ಇದು ಭಾಮಿನಿ ಷಟ್ಪದಿಯ ಮೊದಲ ಸಾಲಿನ ಅಳತೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಭಾರತ ಬರೆದದ್ದು ಇದೇ ನಡೆಯಲ್ಲಿ. ಭಜನೆಯಲ್ಲಿ ತಬಲಾದವರು ನುಡಿಸುವ ದೀಪಚಂದಿಗೂ ಮೂರು, ನಾಲ್ಕರ ಇದೇ ವಿಭಾಗ. ಷಟ್ಪದಿಯ ಆರು ಸಾಲುಗಳಲ್ಲಿ ಮೂರನೆಯದು ಮತ್ತು ಆರನೆಯದು ಮಾತ್ರ 23 ಮಾತ್ರೆಗೆ ಹಿಗ್ಗುತ್ತವೆ. ಇಡೀ ಪದ್ಯಕ್ಕೆ ಎಷ್ಟು ಮಾತ್ರೆ ಎಂದು ಕೇಳಿದರೆ ಐದನೇ ತರಗತಿಯ ಹುಡುಗಿ ಗುಣಿಸಿ, ಕೂಡಿಸಿ 102 ಎನ್ನುತ್ತಾಳೆ. ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕಲು ಹೆದರುವ ಮಕ್ಕಳಿಗೆ ಇದನ್ನು ಇಷ್ಟು ಮುಂಚೆಯೇ ಕೈಗೆ ಕೊಡಬಹುದಲ್ಲ!

ಇನ್ನೂ ಒಂದು ಹೆಜ್ಜೆ. ನಾಲ್ಕು ಮಾತ್ರೆಯನ್ನು ಗುರು ಲಘುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು? ಐದು. ಮೂರನ್ನು? ಮೂರು ಬಗೆ. ಐದು ಮಾತ್ರೆಗೆ ಬಾರಿಸಿ ನೋಡಬೇಕಿಲ್ಲ: ಕೊನೆಯದು ಲಘುವಾದರೆ ಅದರ ಹಿಂದೆ ನಾಲ್ಕು ಮಾತ್ರೆ, ಗುರುವಾದರೆ ಮೂರು. ಐದೂ ಮೂರೂ ಕೂಡಿ ಎಂಟು. ಹೀಗೇ 13, 21. ಯುರೋಪಿನಲ್ಲಿ ಫಿಬೊನಾಚಿ 1202ರಲ್ಲಿ ಬರೆದ ಈ ಸಂಖ್ಯೆಗಳನ್ನು ಅವನಿಗಿಂತ ಮೊದಲೇ ಜೈನ ವಿದ್ವಾಂಸ ಹೇಮಚಂದ್ರ ಮಾತ್ರೆ ಎಣಿಸುತ್ತ ಹೇಳಿದ್ದ. ಆದರೆ ಲೆಕ್ಕ ಒಪ್ಪಿದ್ದನ್ನೆಲ್ಲ ಕನ್ನಡದ ಷಟ್ಪದಿ ಒಪ್ಪುವುದಿಲ್ಲ. ‘ಸದಾ’, ‘ಸಮಾನ’ ಎಂಬಂತೆ ಮೊದಲ ಲಘುವಿನ ಬೆನ್ನಿಗೇ ಗುರು ಬರುವ ಗಣಕ್ಕೆ ಅಲ್ಲಿ ಜಾಗವಿಲ್ಲ. ಮೂರು ಮಾತ್ರೆಯಲ್ಲಿ ಎರಡು ಬಗೆ ಉಳಿಯುತ್ತವೆ, ನಾಲ್ಕರಲ್ಲಿ ನಾಲ್ಕು. ಗಣಿತ ಎಲ್ಲಿ ನಿಂತು ಭಾಷೆ ಎಲ್ಲಿ ಆರಿಸಿಕೊಳ್ಳಲು ಶುರು ಮಾಡುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪಾಠ ನಮಗೆ ಬೇರೆ ಕಂಡಿಲ್ಲ.

ಮಾತನ್ನೂ ಪೆಟ್ಟನ್ನೂ ಒಟ್ಟಿಗೆ ಕಲಿಸುವುದು ಜಗತ್ತಿನ ಹಲವೆಡೆ ಇದೆ. ನೈಜೀರಿಯಾದ ಯೊರುಬಾ ಜನರ ದುಂದುನ್ ಎಂಬ ಚರ್ಮವಾದ್ಯ ಅವರ ಭಾಷೆಯ ಸ್ವರದ ಏರಿಳಿತವನ್ನೇ ನುಡಿಸುತ್ತದೆ. ಜಪಾನಿನ ತೈಕೊ ಡೋಲು ಕಲಿಯುವವರು ಪೆಟ್ಟನ್ನು ಮೊದಲು ಬಾಯಲ್ಲಿ ಹೇಳುತ್ತಾರೆ. ಗದಗದ ವೀರೇಶ್ವರ ಪುಣ್ಯಾಶ್ರಮ ನಮಗೆ ಇನ್ನೂ ಹತ್ತಿರ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕೊಟ್ಟ ಜಾಗ ಅದು. 16 ಮಾತ್ರೆಯ ತೀನ್‌ತಾಲದಲ್ಲಿ ಐದು ಪೆಟ್ಟಿನ ಬೋಲನ್ನು ಬಿಡುವಿಲ್ಲದೆ ಮಾತ್ರೆಗೊಂದು ಪೆಟ್ಟಿನಂತೆ ಮೂರು ಸಲ ನುಡಿಸಿ, ಕೊನೆಯ ಪೆಟ್ಟು ಸಮಕ್ಕೆ, ಅಂದರೆ ಮುಂದಿನ ಸುತ್ತಿನ ಮೊದಲ ಮಾತ್ರೆಗೆ, ಬೀಳಬೇಕಾದರೆ ಮೂರನೇ ಮಾತ್ರೆಯಿಂದ ಎತ್ತಬೇಕು. ತಬಲಾ ಕಲಿತ ಮಗು ಈ ಲೆಕ್ಕವನ್ನು ಪಾಟಿ ಬಳಪವಿಲ್ಲದೆ ಮಾಡುತ್ತದೆ.

ಹಲಗಿಯ ವಿಷಯದಲ್ಲಿ ಮುಚ್ಚಿಡಬಾರದ ಮಾತೊಂದಿದೆ. ಅದನ್ನು ಬಾರಿಸುವುದನ್ನು ನಮ್ಮ ಊರುಗಳು ಮಾದಿಗ ಸಮುದಾಯದ ಮೇಲೆ ಬಿಟ್ಟಿ ಚಾಕರಿಯಾಗಿ ಹೊರಿಸಿದವು. ದೇವರ ಮುಂದೆ ಬಾರಿಸಿದವರನ್ನು ಗುಡಿಯ ಹೊರಗೇ ನಿಲ್ಲಿಸಿದವು. ಆ ಅವಮಾನ ಸಾಕೆಂದು ಹಲಗಿ ಕೆಳಗಿಟ್ಟ ಯುವಕರ ನಿರ್ಧಾರ ನ್ಯಾಯವಾದದ್ದು. ಹಾಗಾಗಿ ಶಾಲೆಯಲ್ಲಿ ಒಂದು ಕೇರಿಯ ಮಕ್ಕಳ ಕೈಗಷ್ಟೇ ಹಲಗಿ ಕೊಡುವುದಾದರೆ ಈ ಪಾಠ ಬೇಡವೇ ಬೇಡ. ಎಲ್ಲ ಮಕ್ಕಳೂ ಬಾರಿಸಬೇಕು, ಹೆಣ್ಣುಮಕ್ಕಳೂ. ಕಲಿಸಲು ಮನಸ್ಸಿರುವ ಹಿರಿಯ ಕಲಾವಿದರನ್ನು ಗುರುಗಳೆಂದು ಕರೆದು, ಕುರ್ಚಿ ಕೊಟ್ಟು, ಗೌರವಧನ ಕೊಟ್ಟು ಕಲಿಯಬೇಕು.

ರೋಣ, ನರಗುಂದ, ಗಜೇಂದ್ರಗಡದ ಶಿಕ್ಷಕರಲ್ಲಿ ಒಂದು ವಿನಂತಿ. ನಿಮ್ಮ ತರಗತಿಯ ಮಕ್ಕಳು ತಮ್ಮ ಹೊಲದ ಬೆಳೆ, ಊರಿನ ಹೆಸರು, ಮನೆಯ ಅಡಿಗೆ ಇವನ್ನು ಬಾರಿಸಿ ಕಟ್ಟಿದ 14 ಮಾತ್ರೆಯ ಸಾಲುಗಳನ್ನು ನಮಗೆ ಕಳಿಸಿಕೊಡಿ. ಮುಂದಿನ ಸಂಚಿಕೆಯಲ್ಲಿ ಅವಕ್ಕಾಗಿ ಎರಡು ಪುಟ ತೆಗೆದಿಟ್ಟಿದ್ದೇವೆ.