ಐನೂರು ರೂಪಾಯಿಗೆ ಸಮುದ್ರದ ತಳ ತೋರಿಸ್ತಾರಂತೆ!

ಮೊನ್ನೆ ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಒಂದು ಜಾಹೀರಾತು ಬಂತು. "ಈಜು ಬರಬೇಕಾಗಿಲ್ಲ, ಹೆದರಿಕೆ ಬೇಡ, ಐನೂರು ರೂಪಾಯಿಗೆ ಸ್ಕೂಬಾ, ವಿಡಿಯೋ ಫ್ರೀ!" ಅದರ ಕೆಳಗೆ ಒಬ್ಬರ ಪ್ರಶ್ನೆ: "ಹತ್ತು ಜನ ಹೋದರೆ ನಾನೂರಕ್ಕೆ ಕೊಡ್ತಾನಾ?"

ಅಲ್ಲಾ ಮಾರಾಯ್ರೆ, ಇದೇನು ದಾದರ್ ಸ್ಟೇಷನ್ ಹೊರಗಿನ ಕೊತ್ತಂಬರಿ ಕಟ್ಟೇ?

ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದು ನಾವು ಕಲಿತ ದೊಡ್ಡ ವಿದ್ಯೆ ಚೌಕಾಸಿ. ಸೀರೆಗೆ, ಚಪ್ಪಲಿಗೆ, ಮೀನಿಗೆ ಅದು ಸರಿ. ಆದರೆ ನೀರಿನಡಿಯಲ್ಲಿ ನಮಗೆ ಉಸಿರು ಕೊಡುವವನ ಹತ್ತಿರವೂ ಅದೇ ವಿದ್ಯೆ ತೋರಿಸುತ್ತೇವಲ್ಲ, ನನ್ನ ಜಗಳ ಇರುವುದು ಅಲ್ಲಿ. ಅಗ್ಗದ ಅಂಗಡಿ ಇಟ್ಟವನ ಮೇಲೆ ಅರ್ಧ ಸಿಟ್ಟಾದರೆ, ಅವನನ್ನು ಹುಡುಕಿಕೊಂಡು ಹೋಗುವ ನಮ್ಮ ಮೇಲೆ ಇನ್ನರ್ಧ.

ನಮ್ಮವರು ಸ್ಕೂಬಾಕ್ಕೆಂದು ಹೋಗುವ ಜಾಗಗಳು ಹೆಚ್ಚಾಗಿ ಮೂರು. ಗೋವಾ, ಸಿಂಧುದುರ್ಗ ಜಿಲ್ಲೆಯ ಮಾಲವಣ-ತಾರಕರ್ಲಿ, ಮತ್ತೆ ನಮ್ಮದೇ ನೇತ್ರಾಣಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗೆ ಇರುವ ಈ ದ್ವೀಪ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' 2022ರಲ್ಲಿ ತೆರೆ ಕಂಡ ಮೇಲೆ ಮನೆಮಾತಾಯಿತು. ಅಪ್ಪು ನೀರಿಗಿಳಿದದ್ದನ್ನು ನೋಡಿ ನಾವೂ ಇಳಿಯಬೇಕು ಅನಿಸಿದ್ದು ತಪ್ಪಲ್ಲ. ಇಳಿಸುವವ ಯಾರು ಎಂದು ಕೇಳದಿರುವುದು ತಪ್ಪು.

ನನ್ನ ಅಕ್ಕನ ಮಗ, ಡೊಂಬಿವಲಿಯವ. ಎರಡು ವರ್ಷದ ಹಿಂದೆ ಗೆಳೆಯರ ಜೊತೆ ಕೊಂಕಣದ ಒಂದು ಕಡಲತೀರಕ್ಕೆ ಹೋಗಿದ್ದ. ಅವತ್ತು ಅವನಿಗೆ ಜೋರು ನೆಗಡಿ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಐದು ನಿಮಿಷದ ಉಪದೇಶ, ಬಾಯಿಗೆ ಕೊಳವೆ, ಸೀದಾ ನೀರಿಗೆ. ಕಿವಿ ಸಿಡಿಯುವಷ್ಟು ನೋವಾದಾಗ ಕಿವಿ ತೋರಿಸಿದನಂತೆ. ಕರೆದುಕೊಂಡು ಹೋದವ ಆಗ ಇನ್ನಿಬ್ಬರನ್ನು ಕ್ಯಾಮರಾಕ್ಕೆ ತಿರುಗಿಸುತ್ತಿದ್ದ! ಮೇಲೆ ಬಂದಾಗ ಕಿವಿಯಲ್ಲಿ ರಕ್ತ. ಕಿವಿತಮಟೆ ತೂತಾಗಿದೆ ಎಂದರು ಡಾಕ್ಟರು. ವಿಡಿಯೋ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಇದನ್ನು ಹೇಳಿದರೆ ಊರಿನ ಕಡೆಯವರು ಒಂದು ವಾದ ತೆಗೆಯುತ್ತಾರೆ. "ಅವರು ಕಡಲಿನ ಮಕ್ಕಳು, ಹುಟ್ಟಿದಾಗಿನಿಂದ ನೀರಲ್ಲಿ ಇದ್ದವರು, ಅವರಿಗೆ ಎಂತ ಸರ್ಟಿಫಿಕೇಟು?"

ಕಡಲಿನ ಮಕ್ಕಳ ಬಗ್ಗೆ ನನಗೂ ಗೌರವ ಉಂಟು. ಗಾಳಿ ಯಾವಾಗ ತಿರುಗುತ್ತದೆ, ಸೆಳೆತ ಎಲ್ಲಿದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಉಸಿರು ಕಟ್ಟಿ ಮುಳುಗುವುದು ಬೇರೆ, ಸಿಲಿಂಡರಿನ ಗಾಳಿ ಉಸಿರಾಡುವುದು ಬೇರೆ. ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಉಸಿರು ಕಟ್ಟಿ ಇಳಿದವನ ಎದೆಯಲ್ಲಿ ದಡದಿಂದ ಕೊಂಡುಹೋದ ಗಾಳಿಯಷ್ಟೇ ಇರುತ್ತದೆ, ಹಾಗೇ ಮೇಲೆ ಬರಬಹುದು. ಆದರೆ 10 ಮೀಟರ್ ಆಳದಲ್ಲಿ ಸಿಲಿಂಡರಿನಿಂದ ಎದೆ ತುಂಬ ಗಾಳಿ ಎಳೆದುಕೊಂಡು, ಹೆದರಿ ಉಸಿರು ಹಿಡಿದು ಮೇಲೆ ನುಗ್ಗಿದರೆ ಆ ಗಾಳಿ ಎರಡರಷ್ಟು ಹಿಗ್ಗಲು ನೋಡುತ್ತದೆ. ಶ್ವಾಸಕೋಶ ಹರಿಯುವುದು ಹೀಗೆ. ಅಂದರೆ ಈಜುಗಾರನನ್ನು ಬದುಕಿಸುವ ಅಭ್ಯಾಸವೇ ಸ್ಕೂಬಾದವನನ್ನು ಕೊಲ್ಲುತ್ತದೆ. ಇದನ್ನು ಕಡಲು ತಾನಾಗಿ ಕಲಿಸುವುದಿಲ್ಲ. ಮೀನುಗಾರರ ಮಕ್ಕಳೇ ತರಬೇತಿ ಪಡೆದು ಶಿಕ್ಷಕರಾದರೆ ಅವರಂಥವರು ಬೇರೆ ಸಿಗಲಿಕ್ಕಿಲ್ಲ. ಆದರೆ ತರಬೇತಿ ಬೇಕೇ ಬೇಕು.

ಅಪಾಯ ನೀರಿನ ಕೆಳಗೆ ಮಾತ್ರ ಎಂದುಕೊಳ್ಳಬೇಡಿ. 2022ರ ಮೇ 24ರಂದು ತಾರಕರ್ಲಿಯ ಹತ್ತಿರ ಸ್ಕೂಬಾ ಮುಗಿಸಿ ದಡಕ್ಕೆ ಮರಳುತ್ತಿದ್ದ ಪ್ರವಾಸಿಗರ ದೋಣಿ ಮಗುಚಿತು. ಇಬ್ಬರು ತೀರಿಕೊಂಡರು. ಮಳೆಗಾಲ ಬಾಗಿಲಿಗೆ ಬಂದ ಹೊತ್ತು ಅದು. ನಾವಾದರೋ ಮಕ್ಕಳ ರಜೆ ನೋಡಿ ದಿನ ಗೊತ್ತು ಮಾಡುತ್ತೇವೆ, ಕಡಲನ್ನು ನೋಡಿ ಅಲ್ಲ.

ಹಾಗಾದರೆ ಹೋಗುವುದೇ ಬೇಡವೇ? ಖಂಡಿತ ಹೋಗಿ. ಆದರೆ ಹಣ ಕೊಡುವ ಮೊದಲು ನಾಲ್ಕು ಮಾತು ಕೇಳಿ.

ಒಂದು, ನನ್ನ ಜೊತೆ ಇಳಿಯುವವರು ಯಾರು, ಅವರ ಶಿಕ್ಷಕರ ಕಾರ್ಡ್ ಯಾವ ಸಂಸ್ಥೆಯದು? ಅಂಗಡಿಯ ಬೋರ್ಡಿನ ಮೇಲೆ 'ಪ್ಯಾಡಿ' ಎಂದು ಬರೆದರೆ ಸಾಲದು. ಪ್ಯಾಡಿಯ ಜಾಲತಾಣದಲ್ಲಿ ಶಿಕ್ಷಕರ ಸಂಖ್ಯೆ ಹಾಕಿ ನಾವೇ ನೋಡಬಹುದು, ಎರಡು ನಿಮಿಷದ ಕೆಲಸ.

ಎರಡು, ಒಬ್ಬ ಶಿಕ್ಷಕನಿಗೆ ಎಷ್ಟು ಜನ, ಎಷ್ಟು ಆಳ? ಪ್ಯಾಡಿಯ ಮೊದಲ ಅನುಭವದ ಡೈವಿಗೆ ಆಳದ ಮಿತಿ 12 ಮೀಟರ್, ವಯಸ್ಸು ಕನಿಷ್ಠ 10. ಕಡಲಲ್ಲಿ ಒಬ್ಬ ಶಿಕ್ಷಕನ ಕೈಕೆಳಗೆ ಹೆಚ್ಚೆಂದರೆ ನಾಲ್ಕು ಜನ. ನೀರು ಕದಡಿದ್ದರೆ ಅದಕ್ಕಿಂತ ಕಡಿಮೆ ಇರಬೇಕು.

ಮೂರು, ಆರೋಗ್ಯದ ಫಾರಂ ಎಲ್ಲಿ? ದಮ್ಮು, ಬಿಪಿ, ಹೃದಯದ ತೊಂದರೆ, ನೆಗಡಿ ಇವನ್ನು ಕೇಳದವ ನಿಮ್ಮ ಪರ್ಸನ್ನು ಮಾತ್ರ ನೋಡಿದ್ದಾನೆ. ನಾವೂ ಅಷ್ಟೇ, ಎಲ್ಲದಕ್ಕೂ 'ಇಲ್ಲ' ಎಂದು ಗೀಚಿ ಸಹಿ ಹಾಕುವ ಜನ! ಅಲ್ಲಿ ಸುಳ್ಳು ಬರೆದರೆ ಮೋಸ ಹೋಗುವವರು ನಾವೇ.

ನಾಲ್ಕು, ದೋಣಿಯಲ್ಲಿ ಆಮ್ಲಜನಕ ಇದೆಯೇ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ? ನೇತ್ರಾಣಿಯಲ್ಲಿ ಜನವಸತಿ ಇಲ್ಲ, ಆಸ್ಪತ್ರೆ ಇಲ್ಲ. ಏನಾದರೂ ಆದರೆ ದಡ ಮುಟ್ಟುವ ತನಕ ದೋಣಿಯಲ್ಲಿ ಇದ್ದದ್ದೇ ಗತಿ.

ಇಷ್ಟೆಲ್ಲ ಕೇಳಿದಾಗ "ಅರೆ ಸಾಬ್, ಕುಛ್ ನಹೀ ಹೋತಾ" ಅಂತ ನಕ್ಕರೆ ಅಲ್ಲಿಂದ ಎದ್ದು ಬನ್ನಿ. "ಇವತ್ತು ಕಡಲು ಸರಿ ಇಲ್ಲ, ಹೋಗುವುದು ಬೇಡ", "ನಿಮಗೆ ನೆಗಡಿ ಇದೆ, ಇಳಿಸುವುದಿಲ್ಲ" ಎನ್ನುವವ ಸಿಕ್ಕಿದರೆ ಅವನ ಮೇಲೆ ರೇಗಬೇಡಿ. ನಿಮ್ಮನ್ನು ವಾಪಸು ಕಳಿಸುವ ಧೈರ್ಯ ಇರುವವನೇ ನಿಮ್ಮನ್ನು ಕೆಳಗೆ ಕರೆದೊಯ್ಯಲು ಯೋಗ್ಯ. ಅವನು ಐನೂರಕ್ಕೆ ಸಿಗುವುದಿಲ್ಲ. ಸಿಗಲೂಬಾರದು.

ಕೊನೆಗೆ ಒಂದು ಮಾತು. ಡೈವ್ ಮಾಡಿದ ಸಂಜೆಯೇ ಗೋವಾದಿಂದ ವಿಮಾನ ಹತ್ತುವ ಅವಸರ ಬೇಡ. ಒಂದೇ ಡೈವ್ ಆದರೆ 12 ಗಂಟೆ, ಹಲವು ಆದರೆ 18 ಗಂಟೆಯಾದರೂ ನೆಲದ ಮೇಲೆ ಇರಬೇಕು ಎನ್ನುವುದು ಡೈವಿಂಗ್ ವೈದ್ಯರ ಸಲಹೆ. ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು. ನೇತ್ರಾಣಿಗೆ ಹೋದವರಿಗೆ ನಮ್ಮ ಮತ್ಸ್ಯಗಂಧ ರೈಲು ಇದ್ದೇ ಇದೆ. ಕಡಲ ಬದಿಯಲ್ಲೇ ಓಡಿ ಕುರ್ಲಾಕ್ಕೆ ತಂದು ಇಳಿಸುತ್ತದೆ.

ಅಂದ ಹಾಗೆ, ನಮ್ಮ ಸೊಸೈಟಿಯವರು ಕೊನೆಗೂ ಬುಕ್ ಮಾಡಿದರಂತೆ. ನಾನೂರೈವತ್ತಕ್ಕೆ. ನಾನು ಮೇಲಿನ ನಾಲ್ಕು ಪ್ರಶ್ನೆಗಳನ್ನು ಗ್ರೂಪಿನಲ್ಲಿ ಹಾಕಿದ್ದೇನೆ. ಇವತ್ತಿನವರೆಗೆ ಬಂದ ಉತ್ತರ ಒಂದೇ, ಕೈಮುಗಿದ ಚಿತ್ರ.

ನೀವಾದರೂ ಕೇಳ್ತೀರಿ ತಾನೇ?