ಎಂ.ಡಿ. ಜೊತೆಗೆ ಡಿ.ಓ.ಗೂ ಅರ್ಜಿ ಹಾಕುವ ಮುನ್ನ

ಅಮೆರಿಕದಲ್ಲಿ ಓದುತ್ತಿರುವ ಮೊಮ್ಮಗಳು ‘ಆಸ್ಟಿಯೋಪಥಿ ಕಾಲೇಜುಗಳಿಗೂ ಅರ್ಜಿ ಹಾಕಿದ್ದೇನೆ’ ಎಂದರೆ ಮೈಸೂರಿನ ಅಜ್ಜನ ಕಿವಿಗೆ ಅದು ಹೋಮಿಯೋಪಥಿ ಎಂದೇ ಬೀಳುತ್ತದೆ. ‘ಪಾಪ, ದೊಡ್ಡ ಡಾಕ್ಟರ ಸೀಟು ಸಿಗಲಿಲ್ಲ’ ಎಂದು ಅವರು ಮರುಗುವುದೂ ಸಹಜವೇ. ಕರ್ನಾಟಕದಲ್ಲಿ ನೀಟ್ ಅಂಕ ನೋಡಿ ಮೊದಲು ಎಂ.ಬಿ.ಬಿ.ಎಸ್., ಅದು ದಕ್ಕದಿದ್ದರೆ ಆಯುರ್ವೇದ ಅಥವಾ ಹೋಮಿಯೋಪಥಿ ಎಂದು ಇಳಿಯುತ್ತ ಬರುವ ಲೆಕ್ಕ ಮನೆಮನೆಗೂ ಗೊತ್ತು. ಆ ಅಳತೆಗೋಲನ್ನು ಅಮೆರಿಕಕ್ಕೂ ಹಿಡಿಯುವುದರಿಂದ ಅಲ್ಲಿನ ಕನ್ನಡ ಕುಟುಂಬಗಳಲ್ಲಿ ಮಕ್ಕಳಿಗೂ ಹೆತ್ತವರಿಗೂ ವರ್ಷಗಟ್ಟಲೆ ಮುನಿಸು ಬೆಳೆದದ್ದುಂಟು.

ಮೊದಲು ಹೆಸರುಗಳ ಗೊಂದಲ ಬಿಡಿಸಬೇಕು. ಅಮೆರಿಕದಲ್ಲಿ ಎಂ.ಡಿ. ಎಂಬುದು ಭಾರತದಲ್ಲಿರುವಂತೆ ಸ್ನಾತಕೋತ್ತರ ಪದವಿಯಲ್ಲ. ವೈದ್ಯನಾಗುವ ಮೊದಲ ಪದವಿಯೇ ಅದು. ಬಿ.ಎಸ್‌ಸಿ.ಯಂಥ ನಾಲ್ಕು ವರ್ಷದ ಪದವಿ ಮುಗಿಸಿದ ನಂತರ ಇನ್ನೂ ನಾಲ್ಕು ವರ್ಷದ ಓದು. ಡಿ.ಓ., ಅಂದರೆ ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್, ಕೂಡ ಅಷ್ಟೇ ಅವಧಿಯದು. ಅಂಗರಚನೆ, ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆ ಎಲ್ಲವೂ ಅದರಲ್ಲಿವೆ. ಜೊತೆಗೆ ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದ ಪರೀಕ್ಷಿಸಿ ಸರಿಪಡಿಸುವ ವಿದ್ಯೆಯಲ್ಲಿ ಸುಮಾರು 200 ಗಂಟೆಗಳ ತರಬೇತಿ. ಪದವಿಯ ಮೇಲೆ ರೆಸಿಡೆನ್ಸಿ ಮುಗಿಸಿದ ಡಿ.ಓ. ಐವತ್ತು ರಾಜ್ಯಗಳಲ್ಲೂ ಔಷಧ ಬರೆಯಬಹುದು, ಶಸ್ತ್ರಚಿಕಿತ್ಸೆ ಮಾಡಬಹುದು. ಬ್ರಿಟನ್ನಿನಲ್ಲಿ ಆಸ್ಟಿಯೋಪಾತ್ ಎಂದರೆ ಕೈಚಿಕಿತ್ಸೆಯವರು ಮಾತ್ರ, ವೈದ್ಯರಲ್ಲ. ಗೊಂದಲಕ್ಕೆ ಇದೂ ಒಂದು ಕಾರಣ. ಇನ್ನು ‘ಅಲೋಪಥಿ’ ಎಂಬ ಪದವನ್ನು ಹುಟ್ಟುಹಾಕಿದವರು ಹೋಮಿಯೋಪಥಿಯ ಜನಕ ಹಾನಿಮನ್, ಅದೂ ಎದುರಾಳಿಗಳನ್ನು ಹಳಿಯುವುದಕ್ಕೆ! ಈಗ ಅದನ್ನು ಹೆಮ್ಮೆಯಿಂದ ಬೋರ್ಡಿನಲ್ಲಿ ಬರೆಸುತ್ತಾರೆ.

ಡಿ.ಓ. ಪದ್ಧತಿಯ ಮೂಲಪುರುಷ ಆಂಡ್ರ್ಯೂ ಟೇಲರ್ ಸ್ಟಿಲ್. ಅಮೆರಿಕದ ಅಂತರ್ಯುದ್ಧದ ಕಾಲದ ವೈದ್ಯ. 1864ರಲ್ಲಿ ಮೆನಿಂಜೈಟಿಸ್ ರೋಗ ಅವರ ಮನೆಯ ಮೂರು ಮಕ್ಕಳನ್ನು ಬಲಿ ತೆಗೆದುಕೊಂಡಿತು. ಪಾದರಸದ ಔಷಧಿ, ರಕ್ತ ತೆಗೆಯುವುದು ಇವೇ ಚಿಕಿತ್ಸೆಯಾಗಿದ್ದ ದಿನಗಳವು. ಆ ವೈದ್ಯಶಾಸ್ತ್ರದ ಮೇಲೆ ಸ್ಟಿಲ್ ಅವರಿಗೆ ನಂಬಿಕೆ ಹಾರಿಹೋಯಿತು. ದೇಹದ ಚೌಕಟ್ಟು ಸರಿಯಿದ್ದರೆ ರೋಗ ತಾನಾಗಿ ಹಿಮ್ಮೆಟ್ಟುತ್ತದೆ ಎಂದು 1874ರಲ್ಲಿ ಸಾರಿದರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಕಾಲೇಜು ತೆರೆದರು. ಅವರು ಹೇಳಿದ್ದೆಲ್ಲ ನಿಜವಾಗಲಿಲ್ಲ. ಸೊಂಟನೋವಿನಂಥ ತೊಂದರೆಗೆ ಕೈಚಿಕಿತ್ಸೆ ಒಂದಿಷ್ಟು ಉಪಯೋಗವೆಂಬುದಕ್ಕೆ ಆಧಾರವಿದೆ. ತಲೆಬುರುಡೆಯ ಮೂಳೆಗಳನ್ನು ಒತ್ತಿ ಕಾಯಿಲೆ ವಾಸಿಮಾಡುವ ಮಾತಿಗೆ ಆಧಾರವಿಲ್ಲ. ಸ್ಟಿಲ್ ದೂರವಿಟ್ಟಿದ್ದ ಔಷಧಶಾಸ್ತ್ರವನ್ನು ಅವರ ಕಾಲೇಜುಗಳೇ ಮುಂದೆ ಪೂರ್ತಿಯಾಗಿ ಅಪ್ಪಿಕೊಂಡವು.

1962ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಒಂದು ವಿಚಿತ್ರ ನಡೆಯಿತು. ಅಲ್ಲಿನ ಬಹುಪಾಲು ಡಿ.ಓ.ಗಳು 65 ಡಾಲರ್ ಶುಲ್ಕ ಕಟ್ಟಿ ಎಂ.ಡಿ. ಪದವಿ ಪಡೆದರು. ವೈದ್ಯರು ಅವರೇ, ರೋಗಿಗಳೂ ಅವರೇ, ಬದಲಾದದ್ದು ಬೋರ್ಡು. ಸೈನ್ಯ 1966ರಲ್ಲಿ ಡಿ.ಓ.ಗಳನ್ನು ವೈದ್ಯರಾಗಿ ಸೇರಿಸಿಕೊಂಡಿತು. 2020ರಲ್ಲಿ ಅಧ್ಯಕ್ಷ ಟ್ರಂಪ್ ಅವರಿಗೆ ಕೋವಿಡ್ ಬಂದಾಗ ಆರೈಕೆಯ ಹೊಣೆ ಹೊತ್ತಿದ್ದ ಶ್ವೇತಭವನದ ವೈದ್ಯ ಶಾನ್ ಕಾನ್ಲಿ ಒಬ್ಬ ಡಿ.ಓ. ಅದೇ ವರ್ಷ ಎರಡೂ ಪದವಿಯವರ ರೆಸಿಡೆನ್ಸಿ ವ್ಯವಸ್ಥೆ ಒಂದಾಯಿತು. 2024ರ ಆಯ್ಕೆಯಲ್ಲಿ ಅಂತಿಮ ವರ್ಷದ ಎಂ.ಡಿ. ವಿದ್ಯಾರ್ಥಿಗಳಲ್ಲಿ ಶೇ. 93.5, ಡಿ.ಓ.ಗಳಲ್ಲಿ ಶೇ. 92.3 ಮಂದಿಗೆ ರೆಸಿಡೆನ್ಸಿ ಸ್ಥಾನ ದೊರೆಯಿತು.

ಹಾಗೆಂದು ಎರಡೂ ದಾರಿ ಎಲ್ಲ ಕಡೆಗೂ ಸಮಾನವಾಗಿ ತೆರೆದಿವೆ ಎನ್ನಲಾಗದು. ನರಶಸ್ತ್ರಚಿಕಿತ್ಸೆ, ಚರ್ಮರೋಗ, ಪ್ಲಾಸ್ಟಿಕ್ ಸರ್ಜರಿಯಂಥ ಪೈಪೋಟಿಯ ವಿಭಾಗಗಳಲ್ಲಿ ಡಿ.ಓ.ಗಳು ಕಡಿಮೆ. ಕಾಮ್ಲೆಕ್ಸ್ ಎಂಬ ತಮ್ಮ ಪರೀಕ್ಷೆಯ ಜೊತೆಗೆ ಎಂ.ಡಿ.ಗಳ ಯು.ಎಸ್.ಎಂ.ಎಲ್.ಇ. ಪರೀಕ್ಷೆಯನ್ನೂ ಬರೆಯುವ ಡಿ.ಓ. ವಿದ್ಯಾರ್ಥಿಗಳು ಅನೇಕ. ಖರ್ಚೂ ಎರಡು, ಓದೂ ಎರಡು. ನರಶಸ್ತ್ರಚಿಕಿತ್ಸಕನೇ ಆಗಬೇಕೆಂದು ಹಟ ಹಿಡಿದ ಹುಡುಗನಿಗೆ ಇದನ್ನು ಮುಂಚೆಯೇ ಹೇಳಬೇಕು. ಊರಿನ ಫ್ಯಾಮಿಲಿ ಡಾಕ್ಟರ್ ಆಗಬೇಕೆನ್ನುವ ಹುಡುಗಿಗೆ ಇದರಿಂದ ಏನೂ ನಷ್ಟವಿಲ್ಲ.

ಇನ್ನು ಅರ್ಜಿಯ ವಿಷಯ. ಎಂ.ಡಿ. ಕಾಲೇಜುಗಳಿಗೆ ಆಮ್‌ಕಾಸ್, ಡಿ.ಓ. ಕಾಲೇಜುಗಳಿಗೆ ಆಕೋಮಾಸ್ ಎಂಬ ಬೇರೆ ಬೇರೆ ಕೇಂದ್ರೀಯ ವ್ಯವಸ್ಥೆಗಳಿವೆ. ಎರಡೂ ಮೇ ತಿಂಗಳಲ್ಲಿ ತೆರೆಯುತ್ತವೆ, ಪ್ರವೇಶ ಮರುವರ್ಷದ್ದು. ಎಂಕ್ಯಾಟ್ ಪರೀಕ್ಷೆ ಒಂದೇ. 528ಕ್ಕೆ ಎಂ.ಡಿ. ಸೇರಿದವರ ಸರಾಸರಿ ಸುಮಾರು 512, ಡಿ.ಓ. ಸೇರಿದವರದು ಸುಮಾರು 504. ಈ ಎಂಟು ಅಂಕದ ಅಂತರ ಕಂಡೇ ‘ಮೊದಲು ಎಂ.ಡಿ. ನೋಡೋಣ, ಆಗದಿದ್ದರೆ ಜನವರಿಯಲ್ಲಿ ಡಿ.ಓ.’ ಎಂದು ಅನೇಕ ಪೋಷಕರು ಕಾಯುತ್ತಾರೆ. ಡಿ.ಓ. ಕಾಲೇಜುಗಳ ಕೊನೆಯ ದಿನಾಂಕ ತಡವಾಗಿರುತ್ತದೆ, ನಿಜ. ಆದರೆ ಬಂದ ಅರ್ಜಿಗಳನ್ನು ಬಂದ ಹಾಗೆ ನೋಡಿ ಸೀಟು ತುಂಬುತ್ತ ಹೋಗುವುದು ಅಲ್ಲಿನ ರೂಢಿ. ಜನವರಿಯಲ್ಲಿ ತಟ್ಟಿದ ಬಾಗಿಲಿನ ಹಿಂದೆ ಉಳಿದಿರುವುದು ಕೆಲವೇ ಕುರ್ಚಿ. ಎರಡಕ್ಕೂ ಜೂನ್ ತಿಂಗಳಲ್ಲೇ ಅರ್ಜಿ ಹೋಗಬೇಕು.

ಹಳೆಯ ಸಲಹೆಯೊಂದು ಈಗಲೂ ಚಲಾವಣೆಯಲ್ಲಿದೆ: ಕಡಿಮೆ ಅಂಕ ಬಂದ ವಿಷಯವನ್ನು ಮತ್ತೆ ಓದಿದರೆ ಆಕೋಮಾಸ್ ಹಳೆಯ ಅಂಕವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು. ಆ ಸೌಲಭ್ಯ 2017ರಲ್ಲೇ ನಿಂತುಹೋಯಿತು.

ಎರಡೂ ಕಡೆ ಸ್ವಪರಿಚಯದ ಪ್ರಬಂಧಕ್ಕೆ 5,300 ಅಕ್ಷರಗಳ ಮಿತಿಯಿರುವುದರಿಂದ ಒಂದನ್ನೇ ಎರಡಕ್ಕೂ ಅಂಟಿಸುವ ಆಸೆ ಹುಟ್ಟುತ್ತದೆ. ‘ಆಸ್ಟಿಯೋಪಥಿಯೇ ಏಕೆ?’ ಎಂದು ಡಿ.ಓ. ಕಾಲೇಜು ಕೇಳಿಯೇ ಕೇಳುತ್ತದೆ. ‘ರೋಗಿಯನ್ನು ಇಡಿಯಾಗಿ ನೋಡುತ್ತಾರೆ’ ಎಂಬ ಕಂಠಪಾಠದ ಉತ್ತರವನ್ನು ಅವರು ಸಾವಿರ ಸಲ ಓದಿರುತ್ತಾರೆ. ಡಿ.ಓ. ವೈದ್ಯರೊಬ್ಬರ ಚಿಕಿತ್ಸಾಲಯದಲ್ಲಿ ಕೆಲವು ವಾರ ನಿಂತು ನೋಡಿದ ಅಭ್ಯರ್ಥಿಗೆ ಮಾತ್ರ ಹೇಳಲು ಏನಾದರೂ ಇರುತ್ತದೆ. ಡಿ.ಓ. ವೈದ್ಯರ ಶಿಫಾರಸು ಪತ್ರವನ್ನೂ ಅನೇಕ ಕಾಲೇಜುಗಳು ಬಯಸುತ್ತವೆ. ಇದು ಒಂದು ವರ್ಷ ಮೊದಲೇ ಆಗಬೇಕಾದ ಕೆಲಸ.

ಇಲ್ಲಿ ಪಿ.ಯು.ಸಿ. ಮುಗಿಸಿದವರು ನೇರವಾಗಿ ಇವಕ್ಕೆ ಸೇರುವಂತಿಲ್ಲ. ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇಲ್ಲದವರನ್ನು ತೆಗೆದುಕೊಳ್ಳುವ ಕಾಲೇಜುಗಳೂ ಕಡಿಮೆ. ಮುಂದೆ ಭಾರತಕ್ಕೆ ಮರಳುವ ಯೋಚನೆಯಿದ್ದವರು ರಾಷ್ಟ್ರೀಯ ವೈದ್ಯಕೀಯ ಆಯೋಗದಿಂದ ಮಾನ್ಯತೆಯ ಬಗ್ಗೆ ಬರಹದಲ್ಲಿಯೇ ಉತ್ತರ ಪಡೆಯುವುದು ಕ್ಷೇಮ.

ಮನೆಯಲ್ಲಿ ನಿಜವಾದ ಜಗಳ ಬರುವುದು ಮುಂಗಡ ಹಣದ ವೇಳೆ. ಎಂ.ಡಿ. ಕಾಲೇಜು ಕೇಳುವ ಮುಂಗಡ ಚಿಕ್ಕದು, ಏಪ್ರಿಲ್ 30ರೊಳಗೆ ಬೇಡವೆಂದರೆ ಸಾಮಾನ್ಯವಾಗಿ ವಾಪಸು ಬರುತ್ತದೆ. ಡಿ.ಓ. ಕಾಲೇಜು ಸೀಟು ಕಾದಿರಿಸಲು ಸಾವಿರ ಡಾಲರ್ ಅಥವಾ ಅದಕ್ಕೂ ಹೆಚ್ಚು ಕೇಳುವುದುಂಟು, ಅದು ಬಹುಮಟ್ಟಿಗೆ ಮರಳಿ ಬಾರದ ಹಣ. ಎಂ.ಡಿ. ಕಾಲೇಜುಗಳ ಉತ್ತರ ಬರುವ ಮೊದಲೇ ಅದನ್ನು ಕಟ್ಟಬೇಕಾಗಬಹುದು. ಕಟ್ಟುವುದೇ, ಬಿಡುವುದೇ, ಬಿಟ್ಟರೆ ಮರುವರ್ಷ ಮತ್ತೆ ಅರ್ಜಿಯೇ ಎಂಬುದನ್ನು ಮಗ ಅಥವಾ ಮಗಳ ಜೊತೆ ಕೂತು ಮಾತಾಡಬೇಕಾದ್ದು ಮೇ ತಿಂಗಳಲ್ಲಿ, ಅರ್ಜಿಯ ಮೊದಲ ಪುಟ ತುಂಬುವಾಗ; ಡಿಸೆಂಬರಿನಲ್ಲಿ ಕಾಲೇಜಿನ ಪತ್ರ ಮೇಜಿನ ಮೇಲೆ ಬಿದ್ದಾಗ ಅಲ್ಲ.