ಮರಿಯಾಗದ ಮೂರು ಮೊಟ್ಟೆ

ಭಾನುವಾರ ಬೆಳಿಗ್ಗೆ ಡೊಂಬಿವಲಿ, ಕಲ್ಯಾಣದ ಕೋಳಿ ಅಂಗಡಿಗಳ ಮುಂದೆ ನಿಂತ ಕನ್ನಡ, ತುಳು ಮನೆಯವರು ಸಾರಿಗೋ ಕೋರಿ ರೊಟ್ಟಿಗೋ ನಾಟಿ ಕೋಳಿ ಕೇಳುತ್ತಾರೆ. ಅಂಗಡಿಯವನು ಅದನ್ನು ಗಾವ್ರಾನ್ ಎನ್ನುತ್ತಾನೆ. ಹೆಸರು ಯಾವುದಾದರೂ ಪರೀಕ್ಷೆ ಒಂದೇ: ಪುಕ್ಕ ಬಿಳಿ ಇರಬಾರದು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ವಿಜ್ಞಾನಿಗಳು ರೂಪಿಸಿದ ಗಿರಿರಾಜ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ನೋಡಲು ನಾಟಿ, ಹುಟ್ಟಿನಿಂದ ಮಿಶ್ರತಳಿ. ಝಾಬುವಾದ ಕಡಕನಾಥ್‌ಗೆ 2018ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಆದರೆ ಅದರ ಚರ್ಮದ ಕಪ್ಪು ಪ್ರಬಲ ಗುಣ. ಬೇರೆ ತಳಿಯೊಡನೆ ಕೂಡಿಸಿದರೂ ಮರಿಗೆ ಇಳಿದು ಬರಬಹುದು. ಹಾಗಾಗಿ ಕಪ್ಪು ಕಂಡ ಮಾತ್ರಕ್ಕೆ ತಳಿ ಶುದ್ಧವೆಂದಲ್ಲ.

ತಿನ್ನುವವರು ಕಣ್ಣನ್ನು ನಂಬಿ ಮೋಸ ಹೋದರೆ ನಷ್ಟ ಕೆಲವು ರೂಪಾಯಿ. ಮರಿ ಮಾಡಿಸುವವರು ನಂಬಿದರೆ ನಷ್ಟ ದೊಡ್ಡದು, ಮತ್ತು ಆ ನಷ್ಟದ ದೂರು ತಪ್ಪಿಲ್ಲದವಳ ತಲೆಗೆ ಬರುತ್ತದೆ.

ಗಿಡ್ಡ ಕಾಲಿನ ಕೋಳಿಯನ್ನು ನೋಡಿ. ಹೊಟ್ಟೆ ನೆಲಕ್ಕೆ ತಾಗುವಂತೆ ತೆವಳುತ್ತಾ ನಡೆಯುವ, ಬಾಲ ನೆಟ್ಟಗೆ ನಿಲ್ಲಿಸಿದ ಜಪಾನಿ ಬ್ಯಾಂಟಮ್ ಫ್ಯಾನ್ಸಿ ಕೋಳಿ ಸಾಕುವವರಿಗೆ ಅಚ್ಚುಮೆಚ್ಚು. ಗಿಡ್ಡ ಹುಂಜಕ್ಕೆ ಗಿಡ್ಡ ಹೇಂಟೆಯನ್ನೇ ಜೋಡಿ ಮಾಡಿದರೆ ಮರಿಗಳೆಲ್ಲ ಗಿಡ್ಡವೇ ಆಗುತ್ತವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗುವುದಿಲ್ಲ. ಈ ಗುಣದ ಜೀನ್ ಒಂದು ಪ್ರತಿ ಬಂದರೆ ಕಾಲು ಗಿಡ್ಡ, ತಂದೆ ತಾಯಿ ಇಬ್ಬರಿಂದಲೂ ಬಂದರೆ ಸಾವು. ಕಟ್ಟಿದ ಹನ್ನೆರಡು ಮೊಟ್ಟೆಗಳಲ್ಲಿ ಸರಾಸರಿ ಆರು ಗಿಡ್ಡ ಮರಿ, ಮೂರು ಮಾಮೂಲಿ ಮರಿ. ಉಳಿದ ಮೂರರೊಳಗಿನ ಭ್ರೂಣ ಹೆಚ್ಚಾಗಿ ಕಾವಿನ ಮೊದಲ ವಾರದೊಳಗೇ ಸಾಯುತ್ತದೆ. 1930ರಲ್ಲಿ ಅಮೆರಿಕದ ವಾಲ್ಟರ್ ಲ್ಯಾಂಡವರ್ ಮತ್ತು ಎಲ್. ಸಿ. ಡನ್ ಈ ಗುಣದ ಬಗ್ಗೆ ಪ್ರಬಂಧ ಪ್ರಕಟಿಸಿದರು. 2016ರಲ್ಲಿ ಇದರ ಮೂಲವೂ ಸಿಕ್ಕಿತು: ಮೂಳೆ ಬೆಳೆಯಲು ಬೇಕಾದ ಐಎಚ್‌ಎಚ್ ಎಂಬ ಜೀನ್ ಅಲ್ಲಿ ಕಳಚಿ ಹೋಗಿರುತ್ತದೆ.

ಶಹಾಪುರ, ಮುರ್ಬಾಡ್ ಕಡೆಯ ಹಿತ್ತಲಲ್ಲಿ ಇಪ್ಪತ್ತೊಂದನೆಯ ದಿನ ಬುಟ್ಟಿ ಎತ್ತಿ ನೋಡುವವಳಿಗೆ ಇದ್ಯಾವುದೂ ಕಾಣುವುದಿಲ್ಲ. ಕಾಣುವುದು ಮೂರು ಕೆಟ್ಟ ಮೊಟ್ಟೆ. ಗುಡುಗು ಬಡಿಯಿತು, ಕಣ್ಣು ಬಿತ್ತು, ಈ ಹೇಂಟೆಯ ಕಾವೇ ಸರಿಯಿಲ್ಲ ಎಂಬ ಮಾತು ಬರುತ್ತದೆ. ಮೂರು ವಾರ ಸರಿಯಾಗಿ ಮೇವಿಲ್ಲದೆ ಕೂತ ಹೇಂಟೆ ಸಾರಿನ ಪಾತ್ರೆಗೆ ಹೋಗುತ್ತದೆ, ಅರ್ಧ ಪಾಲು ಕೊಟ್ಟ ಹುಂಜ ಬೇಲಿಯ ಮೇಲೆ ಕೂಗುತ್ತಲೇ ಇರುತ್ತದೆ. ಮಕ್ಕಳಾಗದಿದ್ದರೆ ಸೊಸೆಯನ್ನೇ ದೂರುವ ಮನೆಗಳ ನ್ಯಾಯ ಇದು.

ಇದಕ್ಕೆ ಮದ್ದು ದುಬಾರಿಯಲ್ಲ. ಗಿಡ್ಡ ಹುಂಜಕ್ಕೆ ಮಾಮೂಲಿ ಕಾಲಿನ ಹೇಂಟೆಯನ್ನು ಬಿಟ್ಟರೆ ಮರಿಗಳಲ್ಲಿ ಸರಾಸರಿ ಅರ್ಧ ಗಿಡ್ಡ, ಅರ್ಧ ಮಾಮೂಲಿ. ಈ ಜೀನ್‌ನಿಂದ ಸಾಯುವ ಮೊಟ್ಟೆ ಒಂದೂ ಇಲ್ಲ. ಏಳನೆಯ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದರೆ ಕಟ್ಟದ ಮೊಟ್ಟೆ ತಿಳಿಯಾಗಿ ಕಾಣುತ್ತದೆ, ಒಳಗೆ ಸತ್ತದ್ದರಲ್ಲಿ ಹಲವು ಸಲ ರಕ್ತದ ಉಂಗುರ ಇರುತ್ತದೆ. ಸಾವಿಗೆ ಸೆಕೆ, ಹಳೆಯ ಮೊಟ್ಟೆ ಮುಂತಾದ ಕಾರಣಗಳೂ ಉಂಟು. ಆದರೆ ಅದೇ ಜೋಡಿಯಲ್ಲಿ ಪ್ರತಿ ಸಲವೂ ಕಾಲು ಭಾಗ ಹೋಗುತ್ತಿದ್ದು, ಹುಂಜ ಬದಲಿಸಿದಾಗ ನಿಂತರೆ, ದೋಷ ಕಾವಿನದ್ದಲ್ಲ.

ಕಣ್ಣಿನ ತೀರ್ಪು ಇನ್ನೊಂದು ಕಡೆಯೂ ತಲೆಕೆಳಗಾಗುತ್ತದೆ. ಬೋಳು ಕತ್ತಿನ ಕೋಳಿಯನ್ನು ಕಂಡರೆ ಗಿರಾಕಿ ರೋಗ ಬಂದಿದೆ ಎಂದು ಮುಖ ತಿರುಗಿಸುತ್ತಾನೆ. ಅದು ರೋಗವಲ್ಲ, ಒಂದೇ ಜೀನ್‌ನ ಗುಣ. ಒಂದು ಪ್ರತಿ ಇದ್ದರೆ ಕತ್ತಿನ ಮುಂದೆ ಒಂದು ಕುಚ್ಚು ಪುಕ್ಕ ಉಳಿಯುತ್ತದೆ, ಎರಡಿದ್ದರೆ ಕತ್ತು ಹೆಚ್ಚುಕಡಿಮೆ ಪೂರ್ತಿ ಬೋಳು. ಎರಡು ಬಂದರೂ ಮರಿ ಸಾಯುವುದಿಲ್ಲ. ಪುಕ್ಕ ಕಡಿಮೆಯಾದ್ದರಿಂದ ಮೈಯ ಬಿಸಿ ಬೇಗ ಹೊರಹೋಗುತ್ತದೆ. ಠಾಣೆ ಜಿಲ್ಲೆಯ ಮೇ ತಿಂಗಳ ಸೆಕೆಗೆ ಇದಕ್ಕಿಂತ ಒಳ್ಳೆಯ ಅಂಗಿ ಯಾವುದಿದೆ? ಚೆಂದದ ಗಿಡ್ಡ ಕಾಲು ಮೊಟ್ಟೆಯಲ್ಲೇ ಕೊಲ್ಲುತ್ತದೆ, ಕುರೂಪದ ಬೋಳು ಕತ್ತು ಬದುಕಿಸುತ್ತದೆ. ಪೇಟೆಯಲ್ಲಿ ಬೆಲೆ ಮಾತ್ರ ಮೊದಲನೆಯದಕ್ಕೆ.

ಆದ್ದರಿಂದ ಮುಂಬೈ ಸುತ್ತಮುತ್ತ ಫ್ಯಾನ್ಸಿ ಕೋಳಿ ಮಾರುವವರು ಗಿಡ್ಡ ಜೋಡಿಯನ್ನು ‘ಬ್ರೀಡಿಂಗ್ ಪೇರ್’ ಎಂದು ಕೊಡುವಾಗ ಈ ಕಾಲು ಭಾಗದ ಸಾವನ್ನೂ ಹೇಳಲೇಬೇಕು. ಗೋರೆಗಾಂವ್‌ನ ಆರೆ ಕಾಲೊನಿಯಲ್ಲಿ, ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆಗಳಿವೆ. ಹಿತ್ತಲ ಕೋಳಿ ಸಾಕುವವರಿಗೆ ಕೊಡುವ ತರಬೇತಿಯಲ್ಲಿ ಮೇವು, ಲಸಿಕೆಯಷ್ಟೇ ಮಹತ್ವ ನಲವತ್ತು ಪುಟದ ಒಂದು ನೋಟ್‌ಬುಕ್ಕಿಗೂ ಸಿಗಲಿ. ಯಾವ ಹುಂಜ, ಯಾವ ಹೇಂಟೆ, ಇಟ್ಟ ಮೊಟ್ಟೆ ಎಷ್ಟು, ಕಟ್ಟದ್ದೆಷ್ಟು, ಒಳಗೇ ಸತ್ತದ್ದೆಷ್ಟು, ಒಡೆದು ಬಂದ ಮರಿ ಎಷ್ಟು: ಆರು ಕಾಲಂ ಸಾಕು. ಮೂರು ಸಲದ ಕಾವಿನ ಲೆಕ್ಕ ಕೈಯಲ್ಲಿದ್ದರೆ, ಬುಟ್ಟಿ ಎತ್ತಿದವಳು ಹೇಂಟೆಯ ಕತ್ತಿಗೆ ಕೈ ಹಾಕುವ ಮೊದಲು ಹುಂಜದ ಕಾಲನ್ನೊಮ್ಮೆ ನೋಡುತ್ತಾಳೆ.